ಹತ್ತನೆಯ ಸಾಲು

ಆ ಮಂಗಳವಾರ ಯಾರಿಗೂ ಹೇಳಿಕೊಳ್ಳಲಾಗದ ಅಳುಕೊಂದು ನನ್ನೊಳಗಿತ್ತು. ನನ್ನ ಹಾಳೆಯ ಹತ್ತನೆಯ ಸಾಲು ಸುಳ್ಳು.

ಉದ್ಯೋಗ ನೆರವು ಕೇಂದ್ರದ ನಿಯಮವದು. ವಾರಕ್ಕೆ ಹತ್ತು ಕಡೆ ಕೆಲಸ ಕೇಳಿ, ಮಂಗಳವಾರ ಹಾಳೆ ತೋರಿಸಬೇಕು. ತಪ್ಪಿದರೆ ಭತ್ಯೆ ಬಂದ್, ನೋಂದಣಿಯಿಂದ ಹೆಸರು ಔಟ್. ಹತ್ತು ತುಂಬಿಸುವ ಗಡಿಬಿಡಿಯಲ್ಲಿ ಒಂದು ಅರ್ಜಿಯನ್ನೂ ನೆಟ್ಟಗೆ ಬರೆಯಲಾಗುವುದಿಲ್ಲ; ಲಾರಿ ಕಂಪನಿಗೂ ಹಲ್ಲಿನ ಡಾಕ್ಟರಿಗೂ ಒಂದೇ ಪತ್ರ. ಹಿಂದಿನ ತಿಂಗಳು ಸಂದರ್ಶನದಲ್ಲಿ ನಗುವುದು ಹೇಗೆಂದು ಎರಡು ಗಂಟೆ ತರಬೇತಿ ಕೊಟ್ಟರು. ಕಲಿಸಿದಾಕೆಯ ಮುಖದಲ್ಲಿ ನಗುವೊಂದನ್ನು ಬಿಟ್ಟು ಮಿಕ್ಕೆಲ್ಲ ಇತ್ತು. ಅಮ್ಮನಿಗೆ ಮಾತ್ರ ಮಗಳು ವಾರಕ್ಕೊಮ್ಮೆಯಾದರೂ ಆಫೀಸಿಗೆ ಹೋಗುತ್ತಾಳೆಂಬ ಸಮಾಧಾನ.

ನಾಲ್ಕನೆಯ ಕೌಂಟರಿನವನನ್ನು ಡೈರಿಯಲ್ಲಿ 'ಸೀಲು' ಎಂದು ಬರೆಯುತ್ತಿದ್ದೆ. ಆ ಇಡೀ ಕಟ್ಟಡವನ್ನೇ ಕಸಕ್ಕಿಂತ ಕಡೆಯಾಗಿ ಕಾಣುತ್ತಿದ್ದ ನಾನು ಅವನ ಮಡಿಸಿದ ಅಂಗಿತೋಳಿನ ಬಗ್ಗೆ ಮೂರು ಪುಟ ಬರೆದಿದ್ದೆ. ನಾಚಿಕೆಗೇಡು. ಸೀಲು ಒತ್ತುವ ಮುಂಚೆ ಅವನೊಮ್ಮೆ ಕಣ್ಣೆತ್ತುತ್ತಿದ್ದ. ಆ ಅರೆಕ್ಷಣಕ್ಕಾಗಿ ನಾನು ತಲೆಸ್ನಾನ ಮಾಡಿ ಹೋಗುತ್ತಿದ್ದೆ.

ಆ ದಿನ ಸೀಲು ಗಾಳಿಯಲ್ಲೇ ನಿಂತಿತು. ಅವನು ಮೆಲ್ಲಗೆ ಓದಿದ: ಬಸ್ ನಿಲ್ದಾಣದ ಹಿಂದಿನ ಬೈಂಡಿಂಗ್ ಅಂಗಡಿ, ಮಾಲೀಕರನ್ನು ಖುದ್ದಾಗಿ ಕಂಡೆ, ತಿಳಿಸುತ್ತೇವೆಂದರು. ಬೀಗ ಬಿದ್ದ ಅಂಗಡಿಯಾದರೆ ಯಾರೂ ಫೋನ್ ಮಾಡಿ ವಿಚಾರಿಸಲಾರರು ಎಂಬುದು ನನ್ನ ಜಾಣತನ.

"ಅದು ನಮ್ಮ ಚಿಕ್ಕಪ್ಪನ ಅಂಗಡಿ," ಎಂದ. "ಅವರು ತೀರ್ಕೊಂಡು ಎರಡು ವರ್ಷ ಆಯ್ತು. ನಮಗಂತೂ ಇನ್ನೂ ಏನೂ ತಿಳಿಸಿಲ್ಲ."

ನಗು ತಡೆಯಲು ತುಟಿ ಕಚ್ಚಿದ್ದ. ನನ್ನ ಕಿವಿ ಸುಡುತ್ತಿತ್ತು. ಬೆನ್ನ ಹಿಂದೆ ಕಾಯುತ್ತಿದ್ದ ಹೆಂಗಸು ಕೇಳಿಸುವಂತೆ ಉಸಿರುಬಿಟ್ಟಳು.

ಅವನು ದನಿ ತಗ್ಗಿಸಿದ. ಈ ಹಾಳೆಯಿಂದ ಕೆಲಸ ಸಿಕ್ಕವರನ್ನು ಮೂರು ವರ್ಷದಲ್ಲಿ ತಾನು ಕಂಡಿಲ್ಲವಂತೆ. ಸಿಕ್ಕಿದ್ದು ತನಗೊಬ್ಬನಿಗೇ, ಹಾಳೆ ನೋಡುವ ಕೆಲಸ. ಹತ್ತರ ಬದಲು ಮನಸ್ಸಿಟ್ಟು ಎರಡು ಅರ್ಜಿ ಬರೆದರೆ ಒಳ್ಳೆಯದು, ಆದರೆ ಹಾಗೆಂದು ಹೇಳುವ ಅಧಿಕಾರ ತನಗಿಲ್ಲ ಎಂದ.

"ಬೇರೆ ಅಂಗಡಿ, ವಿಳಾಸ ತಪ್ಪಿದೆ ಅನ್ನಿ. ತಿದ್ಕೋತೀನಿ. ಇಲ್ಲಾಂದ್ರೆ ಹೆಸರು ತೆಗೀಬೇಕಾಗತ್ತೆ. ಆಮೇಲೆ ನೀವು ಮಂಗಳವಾರ ಇಲ್ಲಿಗೆ ಬರೋ ಹಾಗಿಲ್ಲ."

ಕೊನೆಯ ಮಾತನ್ನು ಅವನು ನನಗೆ ಹೇಳಲಿಲ್ಲ, ಮೇಜಿಗೆ ಹೇಳಿದ. ಹೆಬ್ಬೆರಳು ಸೀಲಿನ ಹಿಡಿಯನ್ನು ಸುಮ್ಮನೆ ಉಜ್ಜುತ್ತಿತ್ತು.

ಹೊಸ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

"ಹೆಸರು ತೆಗೀರಿ," ಎಂದೆ. "ಆದ್ರೆ ಮಂಗಳವಾರ ನಂಗೆ ನಿಮ್ಮನ್ನ ನೋಡ್ಬೇಕು."