ಹದಿನಾಲ್ಕು ಕಡೆ ನಿಂತ ಪಾಠ

ನಾನು ಮಾಡಿದ ಮೊದಲ ವೀಡಿಯೋ ಪಾಠ ಒಂಬತ್ತು ನಿಮಿಷದ್ದು. ನಂಜುಂಡೇಶ್ ಮೇಷ್ಟ್ರು ಅದನ್ನು ಹದಿನಾಲ್ಕು ಕಡೆ ನಿಲ್ಲಿಸಿದರು.

ಹಿಂದಿನ ಬೆಂಚಿನಲ್ಲಿ ಕುಳಿತು ನಾನೇ ಎಣಿಸಿದೆ. ಮೊದಲ ಸಲ ರಿಮೋಟ್ ಕೈತಪ್ಪಿ ಒತ್ತಿದರೇನೋ ಅಂದುಕೊಂಡೆ. ಐದನೇ ಸಲಕ್ಕೆ ಕಿವಿ ಬಿಸಿಯಾಯಿತು. ಹತ್ತನೇ ಸಲಕ್ಕೆ, ಈ ಮನುಷ್ಯನಿಗೆ ನನ್ನ ಪಾಠ ಹಿಡಿಸಿಲ್ಲ, ಮಕ್ಕಳ ಮುಂದೆ ಅದನ್ನು ಚೂರು ಚೂರು ಮಾಡುತ್ತಿದ್ದಾರೆ ಎನ್ನುವುದು ಖಾತ್ರಿಯಾಯಿತು.

ನಾನು ಆಗ ಬಿ.ಎಡ್. ಓದುತ್ತಿದ್ದೆ. ವಯಸ್ಸು ಇಪ್ಪತ್ತೊಂಬತ್ತು. ಅದಕ್ಕೆ ಮೊದಲು ಆರು ವರ್ಷ ಟಿ. ನರಸೀಪುರದ ಬಸ್ ನಿಲ್ದಾಣದ ಪಕ್ಕ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ನಡೆಸಿದ್ದೆ. ಅದನ್ನು ನನ್ನ ತಮ್ಮ ಗುರುವಿನ ಕೈಗೆ ಒಪ್ಪಿಸಿ ನಂಜನಗೂಡಿಗೆ ಬಂದು ಕಾಲೇಜು ಸೇರಿದ್ದೆ. ನಾಲ್ಕು ತಿಂಗಳ ತರಬೇತಿಗೆ ಸಿಕ್ಕಿದ್ದು ದೇವನೂರಿನ ಆಚೆಯ ಒಂದು ಸರ್ಕಾರಿ ಶಾಲೆ. ಅಲ್ಲಿ ಏಳನೇ ತರಗತಿಗೆ ಗಣಿತ ಹೇಳುತ್ತಿದ್ದವರು ನಂಜುಂಡೇಶ್. ಅತಿಥಿ ಶಿಕ್ಷಕರು. ಅಂದರೆ ಪ್ರತಿ ಜೂನ್‌ನಲ್ಲೂ ಹೊಸದಾಗಿ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಕೇಳಿಯೇಬಿಟ್ಟೆ.

"ಏನ್ ಸಾರ್, ಒಂಬತ್ ನಿಮಿಷದ ಪಾಠಾನ ಮುಕ್ಕಾಲು ಗಂಟೆ ಮಾಡ್ಬುಟ್ರಲ್ಲ. ಅಷ್ಟೊಂದು ತಪ್ಪಿತ್ತಾ?"

"ತಪ್ಪಾ? ಒಂದೂ ಇರ್ಲಿಲ್ಲ ಕಣ್ರೀ."

"ಮತ್ತೆ ಹದಿನಾಲ್ಕು ಸಲ ಯಾಕೆ ನಿಲ್ಲಿಸಿದ್ರಿ?"

"ಎಣಿಸ್ಕೊಂಡಿದ್ರಾ!" ನಗು ಅವರ ಕಣ್ಣಿನವರೆಗೆ ಬಂತು, ತುಟಿಗೆ ಇಳಿಯಲಿಲ್ಲ. "ನೀವು ಪರದೆ ನೋಡ್ತಿದ್ರಿ. ನಾನು ವಾಣಿ ಮುಖ ನೋಡ್ತಿದ್ದೆ. ಆ ಹುಡುಗಿ ಜಡೆ ತುದೀನ ಬಾಯಿಗೆ ಹಾಕ್ಕೊಂಡ್ಳು ಅಂದ್ರೆ, ಕ್ಲಾಸಲ್ಲಿ ಅರ್ಧ ಜನಕ್ಕೆ ತಿಳೀಲಿಲ್ಲ ಅಂತ. ಅಲ್ಲಿ ನಿಲ್ಲಿಸ್ತೀನಿ."

ನನ್ನ ಸಿಟ್ಟು ಎಲ್ಲಿಗೆ ಹೋಯಿತೋ. ಅಂಗಡಿಯಲ್ಲಿ ನಾನು ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ? ಅರ್ಜಿ ತುಂಬಿಸಲು ಬಂದವರ ಮುಖ ನೋಡಿದರೆ ಸಾಕು, ಯಾವ ಕಾಲಮ್ಮಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಗೊತ್ತಾಗುತ್ತಿತ್ತು. ಕಂಪ್ಯೂಟರಿಗೆ ಗೊತ್ತಾಗುತ್ತಿರಲಿಲ್ಲ. ಅಷ್ಟು ವರ್ಷ ಕಂಡದ್ದನ್ನು ಟೀಚರ್ ಆಗಲು ಹೊರಟ ಕೂಡಲೇ ಮರೆತಿದ್ದೆ.

ಮರುದಿನದಿಂದ ಹಿಂದಿನ ಬೆಂಚು ಬಿಟ್ಟು ಕಿಟಕಿಯ ಬಳಿ, ಮಕ್ಕಳ ಮುಖ ಕಾಣುವ ಹಾಗೆ ಕುಳಿತೆ. ಅಲ್ಲಿಂದ ಮೇಷ್ಟ್ರ ಮುಖವೂ ಕಾಣುತ್ತಿತ್ತು.

ಪಾಠ ನಿಲ್ಲಿಸಿದಾಗಲೆಲ್ಲ ಅವರು ಒಮ್ಮೆ ನನ್ನತ್ತ ನೋಡುತ್ತಿದ್ದರು, ಪರವಾನಗಿ ಕೇಳುವವರ ಹಾಗೆ. ನಾನು ರೆಪ್ಪೆ ಇಳಿಸಿದರೆ ಪ್ರಶ್ನೆ ಶುರು ಮಾಡುತ್ತಿದ್ದರು. ಒಂದು ದಿನ ಬೇಕೆಂದೇ ರೆಪ್ಪೆ ಇಳಿಸದೆ ನೋಡುತ್ತಲೇ ಇದ್ದೆ. ಅವರು ಕೇಳಬೇಕಾದ ಪ್ರಶ್ನೆಯನ್ನೇ ಮರೆತರು. "ಸಾ, ಮುಂದಕ್ಕೆ?" ಎಂದು ಮಕ್ಕಳು ಕೂಗಿದ ಮೇಲೆ ಬೋರ್ಡಿನ ಕಡೆ ತಿರುಗಿ, ಆಗಲೇ ಅಳಿಸಿದ್ದನ್ನು ಮತ್ತೆ ಅಳಿಸಿದರು.

ಭಿನ್ನರಾಶಿ ಭಾಗಾಕಾರದ ದಿನ ಅವರ ಪಾಠದ ರೀತಿ ಪೂರ್ತಿ ಅರ್ಥವಾಯಿತು. ಮೂರನ್ನು ಅರ್ಧದಿಂದ ಭಾಗಿಸಿದರೆ ಆರು. ನನ್ನ ವೀಡಿಯೋದಲ್ಲಿ ಬಣ್ಣದ ವೃತ್ತಗಳು ಒಡೆದು ಆರಾಗಿ, ಸಾಲಾಗಿ ನಿಂತು ಕುಣಿಯುತ್ತಿದ್ದವು. ವಾಣಿಯ ಜಡೆ ಬಾಯಿಗೆ ಹೋಯಿತು.

"ಏನವ್ವ?" ಎಂದರು ಮೇಷ್ಟ್ರು.

"ಭಾಗ ಮಾಡುದ್ರೆ ಚಿಕ್ಕದಾಗ್ಬೇಕು ತಾನೆ ಸಾ? ಇದ್ಯಾಕೆ ದೊಡ್ಡದಾಯ್ತು?"

ಅವರು ತರಗತಿಯನ್ನೆಲ್ಲ ಎಬ್ಬಿಸಿಕೊಂಡು ಅಡುಗೆ ಮನೆಗೆ ಹೋದರು. ಬಿಸಿಯೂಟದ ಸಾಕಮ್ಮ ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಲೆಕ್ಕ ಮಾಡಕ್ಕೆ ನನ್ ಸಾರೇ ಬೇಕಿತ್ತಾ ಸಾ? ಆರೋದ್ರೆ ಈ ಐಕ್ಳು ಉಣ್ಣಕಿಲ್ಲ."

"ಐದೇ ನಿಮಿಷ ಸಾಕಮ್ಮ. ಈ ಸಣ್ಣ ಪಾತ್ರೇಲಿ ಮೂರು ಲೀಟರ್ ಸಾರು. ಅರ್ಧ ಲೀಟರ್ ಸೌಟು. ವಾಣಿ, ಎಷ್ಟು ಸಲ ಎತ್ತಿ ಹಾಕ್ಬೇಕು?"

ವಾಣಿ ತಾನೇ ಎತ್ತಿ ಸುರಿದಳು. ಆರನೇ ಸೌಟಿಗೆ ಪಾತ್ರೆ ಬರಿದಾಯಿತು. ಬಾಯಿಂದ ಜಡೆ ಜಾರಿತು. "ಸೌಟು ಚಿಕ್ಕದಾದಷ್ಟೂ ಜಾಸ್ತಿ ಸಲ!" ಎಂದು ಕಿರುಚಿದಳು. ಅವರು ಮಕ್ಕಳ ತಲೆಗಳ ಮೇಲಿಂದ ನನ್ನನ್ನು ನೋಡಿದರು. ಆ ನೋಟದಲ್ಲಿ ಗೆದ್ದೆ ಎನ್ನುವುದಿರಲಿಲ್ಲ. ಇದನ್ನು ನೀವೂ ಕಂಡಿರಲ್ಲ ಎಂಬ ಸಮಾಧಾನ ಇತ್ತು. ಅವತ್ತೇ ನನ್ನ ಮನಸ್ಸು ಅವರ ಕಡೆ ಹೊರಟಿತು.

ಜನವರಿ ಮುಗಿಯುವ ಹೊತ್ತಿಗೆ ನಲವತ್ತು ಪಾಠ ಸಿದ್ಧವಾಗಿದ್ದವು. ಮುಖ್ಯೋಪಾಧ್ಯಾಯರಾದ ಮಹಾದೇವಸ್ವಾಮಿಯವರು ನನ್ನನ್ನು ಆಫೀಸಿಗೆ ಕರೆದರು.

"ಅರ್ಪಿತಾ, ನಿನ್ ವೀಡಿಯೋ ಫಸ್ಟ್ ಕ್ಲಾಸ್ ಕಣಮ್ಮ. ಒಂದು ಯೋಚನೆ ಮಾಡಿದ್ದೀನಿ. ನಮಗೆ ಗೆಸ್ಟ್ ಟೀಚರ್ ಪೋಸ್ಟ್ ಸಿಗೋದು ಒಂದೇ. ಇಂಗ್ಲಿಷ್‌ಗೆ ಜನ ಇಲ್ಲ ಅಂತ ಮಕ್ಕಳನ್ನ ಕಾನ್ವೆಂಟಿಗೆ ಬಿಡಿಸ್ಕೊಂಡು ಹೋಗ್ತಾವ್ರೆ. ಗಣಿತಕ್ಕೆ ನಿನ್ ವೀಡಿಯೋ ಹಾಕ್ಬುಟ್ರೆ ಆ ಪೋಸ್ಟ್ ಇಂಗ್ಲಿಷ್‌ಗೆ ಉಳೀತದೆ. ಚೆನ್ನಾಗಿ ಒಂದು ವರದಿ ಬರ್ಕೊಡು. ಶಾಲಾ ಸಮಿತಿ ಮುಂದೆ ಇಡ್ತೀನಿ."

ಅವರು ಕೆಟ್ಟವರಲ್ಲ. ಆ ಶಾಲೆ ಮುಚ್ಚಬಾರದು ಎಂದು ಮನೆಮನೆಗೆ ನಡೆದವರು. ಆದರೆ ರಜೆಯ ದಿನಗಳಲ್ಲೂ ಕುಳಿತು ಮಾಡಿದ ನನ್ನ ಕೆಲಸವೇ ನಂಜುಂಡೇಶರನ್ನು ಆ ತರಗತಿಯಿಂದ ಎಬ್ಬಿಸಲು ಹೊರಟಿತ್ತು.

ಬಸ್ ನಿಲ್ದಾಣದಲ್ಲಿ ನಾನೇ ಹೇಳಿದೆ. ಬೇರೆಯವರಿಂದ ಅವರು ಕೇಳುವುದು ನನಗೆ ಬೇಕಿರಲಿಲ್ಲ.

"ಒಂದು ಕೇಳ್ಕೋತೀನಿ. ನನಗೋಸ್ಕರ ವೀಡಿಯೋ ಚೆನ್ನಾಗಿಲ್ಲ ಅಂತ ಸುಳ್ಳು ಬರೀಬೇಡಿ. ಅವು ಚೆನ್ನಾಗವೆ."

"ನಿಮ್ಮ ಪೋಸ್ಟು?"

"ಅದು ನನ್ ಹೆಸರಿಗೆ ಬರ್ಕೊಟ್ಟಿದ್ದಲ್ವಲ್ಲ, ಅರ್ಪಿತಾ."

'ರೀ' ಸೇರಿಸದೆ ಅವರು ನನ್ನ ಹೆಸರು ಹಿಡಿದದ್ದು ಅದೇ ಮೊದಲು. ಸಂತೋಷಪಡುವ ಗಳಿಗೆ ಅದಾಗಿರಲಿಲ್ಲ. ಆದರೂ ಪಟ್ಟೆ.

ಮುಂದಿನ ವಾರ ಅವರು ತರಬೇತಿಗೆಂದು ಎರಡು ದಿನ ಮೈಸೂರಿಗೆ ಹೋದರು. ಹೆಡ್ ಮಾಸ್ಟರ್ ಬಂದು ಹೊಸ ಪಾಠವೊಂದನ್ನು ಒಂದೇ ಸಲಕ್ಕೆ, ಎಲ್ಲೂ ನಿಲ್ಲಿಸದೆ ತೋರಿಸಿದರು. ಮಕ್ಕಳು ಕೊನೆಗೆ ಚಪ್ಪಾಳೆ ತಟ್ಟಿದರು. ಮರುದಿನ ಅದೇ ಪಾಠದ ಐದು ಲೆಕ್ಕ ಕೊಟ್ಟೆ. ಮೂವತ್ತೊಂದು ಮಕ್ಕಳಲ್ಲಿ ಸರಿಯಾಗಿ ಮಾಡಿದವರು ಒಂಬತ್ತು. ನಿಯಮವನ್ನು ಮಾತ್ರ ಮೂವತ್ತೊಂದು ಜನವೂ ಬಾಯಿಪಾಠ ಒಪ್ಪಿಸಿದರು.

ಕಾಲೇಜಿಗೆ ಕೊಡಬೇಕಾದ ದಿನಚರಿಯಲ್ಲಿ ಅವತ್ತು ಹೀಗೆ ಬರೆದೆ: 'ನನ್ನ ಪಾಠ ಯಾರಿಗೂ ಕಾಯುವುದಿಲ್ಲ. ಯಾರು ಎಲ್ಲಿ ಹಿಂದೆ ಉಳಿದರೆಂದು ತಿರುಗಿ ನೋಡುವುದಿಲ್ಲ. ಸಲಕರಣೆ ಚೆನ್ನಾಗಿದ್ದಷ್ಟೂ ಈ ದೋಷ ಕಣ್ಣಿಗೆ ಬೀಳುವುದು ಕಡಿಮೆ, ಏಕೆಂದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಟೀಚರ್ ಆದ ಮೇಲೆ ನಾನು ಹೆದರಬೇಕಾದದ್ದು ಈ ಚಪ್ಪಾಳೆಗೆ.'

ಸುಳ್ಳು ಬರೆಯಬೇಡಿ ಎಂದಿದ್ದರಲ್ಲ, ವರದಿಯಲ್ಲಿ ಬರೆಯಲಿಲ್ಲ. ಶನಿವಾರ, ಭಾನುವಾರ ಕುಳಿತು ನನ್ನ ಪಾಠಗಳನ್ನು ಕತ್ತರಿಸಿದೆ. ಅವರು ಎಲ್ಲೆಲ್ಲಿ ನಿಲ್ಲಿಸುತ್ತಿದ್ದರೋ ಅಲ್ಲಲ್ಲೇ ಪರದೆ ತಾನಾಗಿ ನಿಲ್ಲುವ ಹಾಗೆ ಮಾಡಿದೆ.

ಫೆಬ್ರವರಿ ಕೊನೆಯಲ್ಲಿ ಶಾಲಾ ಸಮಿತಿ ಏಳನೇ ತರಗತಿಯ ಕೋಣೆಯಲ್ಲೇ, ಮಕ್ಕಳ ಮುಂದೆ ಸೇರಿತು. ಅಧ್ಯಕ್ಷ ಚಿಕ್ಕಬಸಪ್ಪ ಮುಂದಿನ ಕುರ್ಚಿಯಲ್ಲಿ ಕುಳಿತಿದ್ದ. ನಂಜುಂಡೇಶ್ ಬಾಗಿಲ ಹತ್ತಿರ ನಿಂತಿದ್ದರು. ನಾನು ವೀಡಿಯೋ ಹಾಕಿದೆ. ಒಂದು ನಿಮಿಷಕ್ಕೆ ನಿಂತಿತು.

"ಇದ್ಯಾಕವ್ವ ನಿಂತೋಯ್ತು? ಕರೆಂಟ್ ಓಯ್ತಾ?" ಎಂದ ಚಿಕ್ಕಬಸಪ್ಪ.

"ಇಲ್ಲ ಅಣ್ಣ. ಅಲ್ಲಿ ಮೇಷ್ಟ್ರು ಮಾತಾಡ್ಬೇಕು."

"ಅಂಗಾರೆ ಎಡ್ ಮಾಸ್ಟ್ರೇ ಮಾತಾಡ್ಲಿ."

ಮಹಾದೇವಸ್ವಾಮಿಯವರು ಎದ್ದರು. ಇಪ್ಪತ್ತೆಂಟು ವರ್ಷ ಹಿಂದಿ ಕಲಿಸಿದವರು. ಪರದೆ ನೋಡಿದರು, ವಾಣಿಯನ್ನು ನೋಡಿದರು, ಕನ್ನಡಕ ತೆಗೆದು ಹಾಕಿಕೊಂಡರು. "ಅರ್ಥ ಆಯ್ತಾ ಮಕ್ಕಳೇ?" "ಆಯ್ತು ಸಾ!" ಎಂದು ಎಲ್ಲರೂ ಕೂಗಿದರು. ವಾಣಿಯ ಬಾಯಲ್ಲಿ ಜಡೆ ಇತ್ತು. ಒಂಬತ್ತು ಜನರ ವಿಷಯವನ್ನು ಆಗ ಹೇಳಿದೆ. ಉತ್ತರ ಪತ್ರಿಕೆಗಳನ್ನು ಚಿಕ್ಕಬಸಪ್ಪನ ಕೈಗೆ ಕೊಟ್ಟೆ. ಅವನು ಒಂದೊಂದನ್ನೂ ತಿರುವಿದ. ತನ್ನ ಮಗನದ್ದು ಸಿಕ್ಕಾಗ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡ.

"ಅಲ್ಲಾ ಕಣವ್ವ," ಎಂದ ಕೊನೆಗೆ, ಮೆತ್ತಗೆ. "ನೀ ಏಳೋದು ಸರಿ. ಆದ್ರೆ ಇಂಗ್ಲೀಸ್ ಇಲ್ಲ ಅಂದ್ರೆ ಬರೋ ವರ್ಸ ಇಲ್ಲಿ ಐಕ್ಳೇ ಇರಾಕಿಲ್ಲ. ಆಗ ಲೆಕ್ಕ ಯಾರ್ಗೇಳ್ಕೊಟ್ಟೀರಿ?"

ಸಮಿತಿಯವರ ಕೈ ಎತ್ತಿಸಿದರು. ಪೋಸ್ಟ್ ಇಂಗ್ಲಿಷ್‌ಗೆ ಹೋಯಿತು.

ತಿರುಗಿ ನೋಡಿದಾಗ ಬಾಗಿಲಲ್ಲಿ ನಂಜುಂಡೇಶ್ ಇರಲಿಲ್ಲ. ಬೆಲ್ ಆಗಿತ್ತು. ಆರನೇ ತರಗತಿಯಲ್ಲಿ ಪಾಠ ಶುರು ಮಾಡಿದ್ದರು.

ಸಂಜೆ ಅವರೇ ಬಂದು ನನ್ನ ಎದುರು ಕುಳಿತರು.

"ನೀವು ನಿಲ್ಲಿಸಿರೋ ಜಾಗ ಎಲ್ಲ ಸರಿಯಾಗವೆ. ಆದ್ರೆ ಅಲ್ಲಿ ನಿಂತೋರಿಗೆ ಏನು ಕೇಳ್ಬೇಕು ಅಂತ ಗೊತ್ತಾಗ್ಬೇಕಲ್ಲ. ಒಂದೊಂದು ಜಾಗಕ್ಕೂ ಒಂದೊಂದು ಪ್ರಶ್ನೆ ಬರೆದಿಡೋಣ. ಹೆಡ್ ಮಾಸ್ಟ್ರೇ ನಿಲ್ಲಲಿ, ಇಂಗ್ಲಿಷ್ ಟೀಚರ್ರೇ ನಿಲ್ಲಲಿ, ಓದಿ ಕೇಳ್ತಾರೆ."

"ಅದನ್ನೂ ಬರೆದುಕೊಟ್ರೆ ನಿಮ್ಮನ್ನ ವಾಪಸ್ ಕರೆಯೋ ಅಗತ್ಯಾನೇ ಇರಲ್ಲ ಅವರಿಗೆ. ಗೊತ್ತು ತಾನೆ?"

"ಗೊತ್ತು. ವಾಣಿಗೆ ಅಗತ್ಯ ಐತಲ್ಲ."

ನಾನು ತಲೆ ತಗ್ಗಿಸಿ ಹಾಳೆಗೆ ಗೆರೆ ಹಾಕಿದೆ. ಕಣ್ಣು ಮಂಜಾಗಿ ಗೆರೆ ಸೊಟ್ಟಗೆ ಹೋಯಿತು.

ಎಂಟು ದಿನ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಬರೆದೆವು. ಅವರು ಹೇಳುವುದು, ನಾನು ಬರೆಯುವುದು. 'ಇಲ್ಲಿ ಅಡುಗೆ ಮನೆಗೆ ಕರೆದುಕೊಂಡು ಹೋಗಿ.' 'ಇಲ್ಲಿ ಆಯ್ತಾ ಎಂದು ಕೇಳಬೇಡಿ, ಮಾಡಿ ತೋರಿಸು ಎನ್ನಿ.' 'ಇಲ್ಲಿ ಸುಮ್ಮನೆ ಇರಿ, ಹತ್ತರವರೆಗೆ ಎಣಿಸಿ.'

"ಹತ್ತರವರೆಗೆ ಯಾಕೆ?"

"ಹೇಳೋಕೆ ಹೆದರೋ ಮಗು ಬಾಯಿ ಬಿಡೋದಕ್ಕೆ ಅಷ್ಟು ಬೇಕು."

ನಾನು ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದೆ. ಅವರೂ ನೋಡಿದರು. ಆಮೇಲೆ ಸಿಕ್ಕಿಬಿದ್ದವರಂತೆ ಕಿಟಕಿ ಕಡೆ ತಿರುಗಿದರು. ಕಿವಿಯ ಅಂಚು ಕೆಂಪಾಗಿತ್ತು.

ಕೊನೆಯ ಹಾಳೆ ಮುಗಿದದ್ದು ನನ್ನ ತರಬೇತಿಯ ಕೊನೆಯ ದಿನ. ಫೈಲಿಗೆ ದಾರ ಕಟ್ಟಿ ಹೆಡ್ ಮಾಸ್ಟರ ಮೇಜಿನ ಮೇಲಿಟ್ಟೆವು. ಅವರು ಎರಡು ಪುಟ ಓದಿ ನಂಜುಂಡೇಶರ ಭುಜ ಹಿಡಿದುಕೊಂಡರು.

ಬಸ್ ನಿಲ್ದಾಣದಲ್ಲಿ ನಾವಿಬ್ಬರೇ ಇದ್ದೆವು.

"ಜೂನ್‌ಗೆ ಎಲ್ಲಿ?" ಎಂದೆ.

"ಲಿಸ್ಟ್ ಬಂದ್ಮೇಲೆ ಗೊತ್ತಾಗ್ತದೆ. ಬಂದ್ರೆ."

"ನಾನು ಎಲ್ಲಿರ್ತೀನೋ ನನಗೂ ಗೊತ್ತಿಲ್ಲ. ಪರೀಕ್ಷೆ ಬರೀಬೇಕು, ಪಾಸಾಗ್ಬೇಕು, ಕರೀಬೇಕು. ಆದ್ರೆ ಯಾರ ಜೊತೆ ಇರ್ಬೇಕು ಅನ್ನೋದು ಗೊತ್ತು."

ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸತೊಡಗಿದೆ.

"ನಮ್ಮವ್ವ ಮೂರು ಕಡೆ ಹೆಣ್ಣು ಕೇಳಿಸಿದ್ಳು," ಎಂದರು, ನೆಲ ನೋಡುತ್ತ. "ಮೂರು ಕಡೇನೂ ಒಂದೇ ಪ್ರಶ್ನೆ. ಪರ್ಮನೆಂಟಾ ಅಂತ. ನಿಮ್ಮನ್ನ ಆ ಮಾತಿನ ಕೆಳಗೆ ತಂದು ನಿಲ್ಲಿಸ್ಬಾರ್ದು ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಇಷ್ಟ ಇಲ್ದೆ ಅಲ್ಲ, ಅರ್ಪಿತಾ. ಆ ಸಾರಿನ ದಿನದಿಂದ..."

"ನಮ್ಮಪ್ಪನೂ ಅದನ್ನೇ ಕೇಳೋದು," ಎಂದೆ. "ಬಂದು ಕೇಳಿಸ್ಕೊಂಡು ಹೋಗಿ. ಆ ಮಾತಿನ ಕೆಳಗೆ ಇಬ್ಬರೂ ನಿಂತ್ರೆ ಅಷ್ಟೊಂದು ಭಾರ ಇರಲ್ಲ."

ಬಸ್ ಬಂತು. ಮೊದಲು ಹತ್ತಿದ ಅವರು ಕೈ ಚಾಚಿದರು. ನಾಲ್ಕು ತಿಂಗಳಲ್ಲಿ ಮೊದಲ ಸಲ. ನಾನು ಹತ್ತಿದ ಮೇಲೂ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ನರಸೀಪುರದ ನಮ್ಮ ಮನೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಅಪ್ಪ ಮಾದಯ್ಯ ಜಗಲಿಯಲ್ಲಿ ಕುಳಿತು ಅವರನ್ನು ಕಾಲಿಂದ ತಲೆಯವರೆಗೆ ನೋಡಿದ.

"ಮೇಷ್ಟ್ರಂತೆ. ಪರ್ಮನೆಂಟಾ?"

ನಾನು ಒಳಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು.

"ಇಲ್ಲ ಯಜಮಾನ್ರೇ. ಈಗಿರೋ ಕೆಲಸಾನೂ ಈ ವರ್ಷಕ್ಕೇ ಮುಗೀತದೆ. ಜೂನ್‌ಗೆ ಇನ್ನೊಂದು ಸಿಕ್ಕಬೋದು, ಸಿಕ್ದೇನೂ ಇರ್ಬೋದು. ಕೇಳ್ದೇ ಇದ್ದಿದ್ರೂ ನಾನೇ ಹೇಳೋನಿದ್ದೆ."

ಅಪ್ಪ ಎಲೆಗೆ ಸುಣ್ಣ ಸವರಿದ. ಸವರುತ್ತಲೇ ಇದ್ದ. ಮಡಿಸಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ತಟ್ಟೆಗೆ ವಾಪಸ್ ಇಟ್ಟ.

"ಇಬ್ರು ಬಂದೋದ್ರು ಇವ್ಳನ್ನ ನೋಡಕ್ಕೆ. ಒಬ್ಬ ಇಂಜಿನಿಯರ್ ಅಂದ, ಅಲ್ಲ. ಇನ್ನೊಬ್ಬ ನಲವತ್ತು ಎಕರೆ ಅಂದ, ನಾಲ್ಕಿತ್ತು." ನನ್ನ ಕಡೆ ತಿರುಗಿದ. "ಅವ್ರಿಗೆ ಕಾಲಿಗೆ ನೀರು ಕೊಡವ್ವ. ಊಟಕ್ಕೆ ಏಳ್ಲಿ."

ಚೊಂಬು ತುಂಬಿಸಿ ತಂದೆ. ಅದನ್ನು ತೆಗೆದುಕೊಳ್ಳುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು; ಅರ್ಧ ನೀರು ನನ್ನ ಪಾದದ ಮೇಲೆಯೇ ಚೆಲ್ಲಿತು.