ಸದ್ದಿಲ್ಲ ಎಂದವನು

"ಇದು ನನಗೊಬ್ಬಳಿಗೇ ಕೇಳಿಸ್ತಿದೆಯಾ?"

ಪಕ್ಕದ ಸೀಟು ಖಾಲಿಯಿತ್ತು. ಹಿಂದೆ ಅಪ್ಪನ ಶಾಲು ಮಾತ್ರ ಮಡಿಸಿಟ್ಟಂತೆ ಬಿದ್ದಿತ್ತು. ಆದರೂ ಅವಳು ಬಾಯಿಬಿಟ್ಟೇ ಕೇಳಿದಳು. ವರ್ಕ್‌ಶಾಪಿನ ಮುಂದೆ ಬ್ರೇಕ್ ಒತ್ತಿದ್ದೇ ತಡ, ಮುಂದಿನ ಚಕ್ರದಿಂದ ಆ ಸದ್ದು ಮತ್ತೆ ಬಂದಿತ್ತು. ಸ್ಲೇಟಿನ ಮೇಲೆ ಉಗುರು ಗೀರಿದ ಹಾಗೆ... ಸಣ್ಣಗೆ, ಹರಿತವಾಗಿ.

"ಕಾರಿನ ಜೊತೆ ಮಾತಾಡೋರು ಬೇಗ ಇಳಿಯಲ್ಲ. ನಾನೇ ಹತ್ತಲಾ?"

ಕಿಟಕಿಯ ಆಚೆ ಎಣ್ಣೆ ಹತ್ತಿದ ಅಂಗಿಯೊಂದು ನಿಂತಿತ್ತು. ಅಂಗಿಯ ಮೇಲೆ ನಗು ತಡೆದುಕೊಂಡ ಮುಖ. ಬೀದಿಯವರೆಲ್ಲ 'ಕಿವಿಯಣ್ಣ' ಎನ್ನುವ ಮೆಕ್ಯಾನಿಕ್ ಇವನೇ ಎಂದು ಅವಳಿಗೆ ತಿಳಿಯಿತು. ಕೆನ್ನೆ ಬಿಸಿಯಾಯಿತು.

ಅವನು ಹತ್ತಿ ಕೂತ. ಅಂಗೈಯನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟು ಕಣ್ಣು ಮುಚ್ಚಿದ.

"ಓಡಿಸಿ. ಮಾತು ಬೇಡ."

ಅದು ಅವನ ರೀತಿ. 'ಕಿವಿ ಹೇಳದೆ ಕೈ ಸ್ಪ್ಯಾನರ್ ಮುಟ್ಟಬಾರದು' ಎಂದು ಅವನ ತಂದೆ ಕಲಿಸಿಹೋಗಿದ್ದರು. ಬೇರೆಯವರು ಸುಮ್ಮಸುಮ್ಮನೆ ಚಕ್ರ ಬಿಚ್ಚಿ ಇಲ್ಲದ ರೋಗ ಹುಟ್ಟಿಸುತ್ತಿದ್ದರೆ, ಇವನು ಕೇಳಿಸಿದ್ದನ್ನು ಮಾತ್ರ ಬಿಚ್ಚುತ್ತಿದ್ದ. ಅದಕ್ಕೇ ಜನ ಅವನನ್ನು ನಂಬುತ್ತಿದ್ದುದು.

ಎರಡು ತಿರುವು ದಾಟಿದ ಮೇಲೆ ಅವನೆಂದ, "ಹಿಂದೆ ಎಡಗಡೆ ಚಕ್ರದ ರಬ್ಬರ್ ಬುಷ್ ಸವೆದಿದೆ. ಗುಂಡಿ ಬಂದ್ರೆ ಗುಡುಗುಡು ಅನ್ನುತ್ತೆ."

ಅವಳು ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಮುಂದಿನ ಗುಂಡಿಯಲ್ಲಿ ಕಿವಿಗೊಟ್ಟಳು. ಹೌದು... ಗುಡುಗುಡು.

"ಮತ್ತೆ ಬ್ರೇಕು?"

"ಬ್ರೇಕಲ್ಲಿ ಸದ್ದಿಲ್ಲ."

ಅವಳು ಬೇಕೆಂದೇ ಒತ್ತಿದಳು. ಕೀ... ಎಂದಿತು.

"ಈಗ?"

"ಈಗಲೂ ಇಲ್ಲ."

ಅವನು ಕಣ್ಣು ತೆರೆದು ಅವಳನ್ನು ನೋಡಿದ. ಸುಳ್ಳಾಡುವವನ ಕಣ್ಣಾಗಿರಲಿಲ್ಲ ಅದು. ಹಾಗಾದರೆ ಸುಳ್ಳು ಹೇಳುತ್ತಿರುವುದು ನನ್ನ ಕಿವಿಯೇ?

ಮನೆಯಲ್ಲಿ ಅಪ್ಪ ನಕ್ಕರು. "ಕಿವಿಯಣ್ಣನೇ ಇಲ್ಲ ಅಂದ ಮೇಲೆ ಇಲ್ಲ ಬಿಡು. ನಿನ್ನ ಹೊಲಿಗೆ ಯಂತ್ರದ ಸದ್ದು ಕಿವಿಯೊಳಗೆ ಉಳ್ಕೊಂಡಿರುತ್ತೆ."

ಅವಳು ಮನೆಯಲ್ಲೇ ಪರದೆ ಹೊಲಿಯುವವಳು. ಅಪ್ಪನ ಮೂತ್ರಪಿಂಡ ಕೈಕೊಟ್ಟ ಮೇಲೆ ಡಯಾಲಿಸಿಸ್‌ಗೆ ಆಸ್ಪತ್ರೆಗೆ ಕರೆದೊಯ್ಯುವುದೂ ಅವಳದೇ ಪಾಲು. ಹಳೆಯ ಕಾರಿನಲ್ಲಿ ದಾರಿಯುದ್ದಕ್ಕೂ ಅಪ್ಪ ಬಾಯಿಪಾಠದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ನಡುವೆ ಬ್ರೇಕು ಕಿರುಚುತ್ತಿತ್ತು. ಅಪ್ಪನ ಮುದಿಕಿವಿಗೆ ಅದು ಮುಟ್ಟುತ್ತಿರಲಿಲ್ಲ.

ಅವಳು ಮತ್ತೆ ಹೋದಳು. ಮತ್ತೆ ಅವನು ಪಕ್ಕದಲ್ಲಿ ಕೂತ. ಮತ್ತೆ "ಸದ್ದಿಲ್ಲ".

"ಮುಂದಿನ ವಾರ ಬನ್ನಿ, ಇನ್ನೊಮ್ಮೆ ನೋಡೋಣ," ಎಂದು ಈ ಸಲ ಸೇರಿಸಿದ.

ಆಮೇಲೆ ಮಾತು ಬೇಡ ಎಂಬ ನಿಯಮ ತಾನಾಗಿಯೇ ಸಡಿಲವಾಯಿತು.

"ನಿಮ್ಮ ಕಾರು ಹಳೇದಾದ್ರೂ ಮರ್ಯಾದಸ್ಥ," ಎಂದ ಒಂದು ದಿನ.

"ಮನೆಯವರ ಗುಣ ಬಂದಿರುತ್ತೆ."

"ಇರಬಹುದು. ಮನೆಯವರನ್ನ ಪೂರ್ತಿ ಪರೀಕ್ಷೆ ಮಾಡಿಲ್ಲ ಇನ್ನೂ."

ಅವಳು ರಸ್ತೆ ನೋಡುತ್ತಲೇ ನಕ್ಕಳು. ಎಷ್ಟೋ ಕಾಲದ ಮೇಲೆ ನಕ್ಕಿದ್ದಳು. ಅವನು ಇಲ್ಲ ಎಂದ ಸದ್ದನ್ನು ಅವಳೂ ಇಲ್ಲ ಎಂದುಕೊಳ್ಳತೊಡಗಿದಳು. ಪ್ರೀತಿ ಮೊದಲು ಕಸಿಯುವುದು ಕಣ್ಣನ್ನಂತೆ. ಅವಳಿಂದ ಅದು ಕಿವಿಯನ್ನು ಕಸಿಯಿತು.

ವರ್ಕ್‌ಶಾಪಿನ ಲೆಕ್ಕ ನೋಡುತ್ತಿದ್ದವಳು ಅವನ ಅಕ್ಕ. ಮನಸ್ಸು ಬೆಣ್ಣೆ, ನಾಲಿಗೆ ಗರಗಸ. ಒಂದು ಬೆಳಿಗ್ಗೆ ಗ್ರೈಂಡರುಗಳ ಗದ್ದಲದ ನಡುವೆ ಇವಳ ಕಾರು ನಿಂತದ್ದೇ ಅಕ್ಕ ಒಳಗಿಂದ ಕೂಗಿದಳು:

"ಏನಮ್ಮಾ, ಮತ್ತೆ ಬ್ರೇಕಾ? ಸದ್ದು ಚಕ್ರದಲ್ಲಿದೆಯೋ ಎದೆಯಲ್ಲಿದೆಯೋ, ಮೊದಲು ಅದನ್ನ ತೀರ್ಮಾನ ಮಾಡ್ಕೊಂಡು ಬಾ."

ಕೆಲಸದವರೆಲ್ಲ ನಕ್ಕರು. ಅವನೂ ತಲೆ ತಗ್ಗಿಸಿ ನಕ್ಕ.

ಅವನೂ ನಕ್ಕನಲ್ಲ... ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಹಾಗೇ ಕಾರು ತಿರುಗಿಸಿದಳು. ಮುಂದಿನ ವಾರ ಹೋಗಲಿಲ್ಲ.

ಆ ವಾರವೇ ಸದ್ದು ಬದಲಾದದ್ದು. ಕಿರುಚು ಹೋಗಿ ಗೊರಗೊರ ಬಂತು, ಕಲ್ಲು ಕಲ್ಲನ್ನು ಅರೆದ ಹಾಗೆ. ತೋರಿಸಬೇಕು ಎಂದುಕೊಂಡಳು. ಹೋದರೆ ಮತ್ತೆ ನಗುತ್ತಾರೆ ಎಂದುಕೊಂಡಳು. ನಾಚಿಕೆ ಗೆದ್ದಿತು.

ಆಸ್ಪತ್ರೆಯ ಗೇಟಿನ ಒಳಗೆ ಒಂದು ಇಳಿಜಾರು. ಅಪ್ಪ ಪದ್ಯದ ನಡುಸಾಲಿನಲ್ಲಿದ್ದರು. ಅವಳು ಪೆಡಲ್ ಒತ್ತಿದಳು. ಅದು ಕೆಳಗೆ ಹೋಯಿತು, ಕಾರು ನಿಲ್ಲಲಿಲ್ಲ. ಇನ್ನೂ ಒತ್ತಿದಳು... ಎದುರಿಗೆ ಕಂಬ ಬಂತು.

ಅಪ್ಪ ತೋಳು ಮುಂದೊಡ್ಡಿದ್ದರು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಡಾಕ್ಟರು ರಕ್ತನಾಳ ಜೋಡಿಸಿದ್ದ ತೋಳು. ಅಪ್ಪನ ಜೀವಕ್ಕೆ ಅದೊಂದೇ ಬಾಗಿಲು. ಮೂಳೆ ಮುರಿದ ಜಾಗದಲ್ಲಿ ಆ ನಾಳ ಜಜ್ಜಿಹೋಯಿತು. ಕುತ್ತಿಗೆಗೆ ನಳಿಗೆ ಹಾಕಿದರು. ಇನ್ನೊಂದು ತೋಳಿನಲ್ಲಿ ಹೊಸ ದಾರಿ ಮಾಡಲು ಈ ವಯಸ್ಸಿನ ನಾಳ ಒಗ್ಗುತ್ತದೆಯೋ ಇಲ್ಲವೋ, ಡಾಕ್ಟರು ಮುಖ ಕೊಟ್ಟು ಹೇಳಲಿಲ್ಲ.

ಪದ್ಯದ ಆ ಸಾಲನ್ನು ಅಪ್ಪ ಮತ್ತೆ ಎತ್ತಿಕೊಳ್ಳಲೇ ಇಲ್ಲ.

ಕಾರನ್ನು ಎಳೆದೊಯ್ದ ಗ್ಯಾರೇಜಿನ ಮುದುಕ ಸವೆದ ಬ್ರೇಕ್ ಪ್ಯಾಡನ್ನು ಅವಳ ಕೈಗೆ ಹಾಕಿದ. ಅಂಚಿನಲ್ಲೊಂದು ಪುಟ್ಟ ಉಕ್ಕಿನ ತಗಡು ಚಾಚಿಕೊಂಡಿತ್ತು.

"ಈ ನಾಲಿಗೆ ಇರೋದೇ ಕೂಗೋದಕ್ಕಮ್ಮ. ಪ್ಯಾಡ್ ಸವೆದಾಗ ಚಕ್ರದ ಜೊತೆ ತಿರುಗೋ ಡಿಸ್ಕಿಗೆ ತಾಗಿ ಕಿರುಚುತ್ತೆ, ನನ್ನ ಬದಲಾಯಿಸಿ ಅಂತ. ತಿಂಗಳಿಂದ ಕೂಗಿರುತ್ತೆ. ಯಾರೂ ಕೇಳಿಸ್ಕೊಳ್ಳಲಿಲ್ವಾ?"

ಅವಳು ಅದೇ ಪ್ಯಾಡ್ ಹಿಡಿದು ವರ್ಕ್‌ಶಾಪಿಗೆ ಬಂದಳು. ಅವನ ಮುಂದಿನ ಮೇಜಿನ ಮೇಲಿಟ್ಟಳು. ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದಳು. ಅಕ್ಕ ಲೆಕ್ಕದ ಪುಸ್ತಕ ಮುಚ್ಚಿ ಎದ್ದು ಬಂದಳು.

"ನಿಮಗೆ ಕೇಳಿಸ್ತಿತ್ತು," ಎಂದಳು ಅವಳು. "ನಾನು ಮತ್ತೆ ಮತ್ತೆ ಬರಲಿ ಅಂತ ಇಲ್ಲ ಅಂದ್ರಿ. ಅಲ್ವಾ?"

ಅವನ ಮುಖ ಬೂದಿಯಾಯಿತು.

"ದೇವರಾಣೆಗೂ ಕೇಳಿಸ್ಲಿಲ್ಲ. ನೀವೇ... ನೀವೇ ಇಲ್ಲದ ಸದ್ದಿನ ನೆಪ ಮಾಡ್ಕೊಂಡು ಬರ್ತಿದ್ದೀರಿ ಅಂದ್ಕೊಂಡಿದ್ದೆ. ಖುಷಿಯಾಗ್ತಿತ್ತು."

"ಖುಷಿ," ಎಂದಳು ಅವಳು.

"ಈ ತಗಡು ಡಿಸ್ಕಿಗೆ ತಾಗಿದ್ರೆ ಊರಿಗೇ ಕೇಳಿಸುತ್ತೆ. ನನಗೆ ಕೇಳಿಸದೆ ಇರುತ್ತಾ? ನೋಡಿ ಬೇಕಾದ್ರೆ."

ಮೂಲೆಯಲ್ಲಿದ್ದ ಹಳೆಯ ಡಿಸ್ಕನ್ನು ಕಂಬಿಗೆ ಸಿಕ್ಕಿಸಿ ತಿರುಗಿಸಿದ. ಪ್ಯಾಡಿನ ತಗಡನ್ನು ಅದಕ್ಕೆ ಒತ್ತಿ ಹಿಡಿದ.

ಅವಳು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಅಕ್ಕ ಹಲ್ಲು ಕಚ್ಚಿ ಮುಖ ತಿರುಗಿಸಿದಳು.

ಅವನು ಇನ್ನೂ ಜೋರಾಗಿ ತಿರುಗಿಸಿದ. ತಲೆ ಬಾಗಿಸಿ, ಕಿವಿ ಹತ್ತಿರ ತಂದು ಕಾಯುತ್ತಿದ್ದ.

"ಕೂಗ್ತಿಲ್ವಲ್ಲ ಇನ್ನೂ," ಎಂದ.

ಅವನು ತಲೆಯೆತ್ತಿದ. ಮುಚ್ಚಿದ ಕಿವಿಗಳನ್ನು ನೋಡಿದ. ಅವಳ ಮುಖ ನೋಡಿದ, ಅಕ್ಕನ ಮುಖ ನೋಡಿದ. ಡಿಸ್ಕು ತಾನಾಗಿ ನಿಧಾನವಾಗಿ ನಿಂತಿತು.

"ಕೂಗ್ತಿತ್ತಾ ಅಕ್ಕಾ?"

ಅಕ್ಕ ಹೌದೆಂದು ತಲೆಯಾಡಿಸಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ತಮ್ಮನದು ಚಿಕ್ಕಂದಿನಿಂದ ಸುತ್ತಿಗೆ, ಗ್ರೈಂಡರುಗಳ ಮಧ್ಯೆ ಬೆಳೆದ ಕಿವಿ. ಗುಡುಗುಡು ಉಳಿದಿತ್ತು, ಕೀರಲು ಸದ್ದೆಲ್ಲ ಯಾವಾಗಲೋ ಹೇಳದೆ ಕೇಳದೆ ಹೊರಟುಹೋಗಿತ್ತು. ಹೋದದ್ದು ಅವನಿಗೇ ಗೊತ್ತಿರಲಿಲ್ಲ.

ಪ್ಯಾಡ್ ತಂದವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತೋ ಏನೋ. ಪ್ಯಾಡನ್ನು ಅಲ್ಲೇ ಬಿಟ್ಟು ಹೊರಟಳು.

ಆಮೇಲೆ ವರ್ಕ್‌ಶಾಪಿನ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಅಕ್ಕ ಟಯರ್ ಕೆಲಸ ಮಾಡಿಸುತ್ತಿದ್ದಳು, ಅವನು ಬ್ರೇಕ್ ಮುಟ್ಟುತ್ತಿರಲಿಲ್ಲ. ಅಪ್ಪನ ಡಯಾಲಿಸಿಸ್ ಇದ್ದ ದಿನ ಮಾತ್ರ ಅವನು ಆಸ್ಪತ್ರೆಯ ಮೊಗಸಾಲೆಯ ತುದಿಯಲ್ಲಿ ಕೂತಿರುತ್ತಿದ್ದ. ಹತ್ತಿರ ಬರುತ್ತಿರಲಿಲ್ಲ. ಅವಳೂ ಕರೆಯುತ್ತಿರಲಿಲ್ಲ.

ಇನ್ನೊಂದು ತೋಳಿನ ನಾಳ ಒಗ್ಗಲಿಲ್ಲ ಎಂದು ತಿಳಿದ ದಿನ ಅಪ್ಪ ಅವಳನ್ನು ಹತ್ತಿರ ಕರೆದರು. ದನಿ ನೂಲಿನಷ್ಟಾಗಿತ್ತು.

"ಆಚೆ ಕೂತಿದ್ದಾನಲ್ಲ... ಅವನ ಮುಖ ನೋಡೋ ಶಕ್ತಿ ನನಗಿನ್ನೂ ಬಂದಿಲ್ಲ ಮಗಳೇ."

"ಬರಬೇಡ ಅಂತ ಹೇಳ್ತೀನಪ್ಪ."

"ಪೂರ್ತಿ ಕೇಳು. ಅವನಿಲ್ಲದ ನಿನ್ನ ಮುಖ ನೋಡೋ ಶಕ್ತಿ ಅದಕ್ಕಿಂತ ಕಮ್ಮಿ ಇದೆ." ಉಸಿರು ತೆಗೆದುಕೊಂಡರು. "ಮನೇಲಿ ಒಬ್ಬರಿಗೆ ಕಿವಿ ಮಂದ ಇದ್ರೆ ಜಗಳ ಬೇಗ ಮುಗಿಯುತ್ತೆ. ನಿಮ್ಮಮ್ಮ ಹೇಳ್ತಿದ್ಲು. ಹೋಗು."

ಅವಳು ಮೊಗಸಾಲೆಗೆ ಬಂದಳು. ಅವನು ಎದ್ದು ನಿಂತ. ಕಣ್ಣ ಕೆಳಗೆ ಕಪ್ಪಾಗಿತ್ತು.

"ಡಾಕ್ಟರು ಏನಂದ್ರು?"

"ಒಗ್ಗಲಿಲ್ಲವಂತೆ. ಕುತ್ತಿಗೆಯ ನಳಿಗೆಯೇ ಇನ್ನು. ಎಷ್ಟು ದಿನ ನಡೆಯುತ್ತೋ ಅಷ್ಟು ದಿನ."

ಅವಳು ಬೆಂಚಿನ ಮೇಲೆ ಕೂತಳು. ಅವನೂ ಕೂತ, ನಡುವೆ ಜಾಗ ಬಿಟ್ಟು.

"ಬೈದುಬಿಡಿ," ಎಂದ.

"ಬೈಯಬೇಕಾದ್ದು ಒಬ್ಬರನ್ನೇ ಅಲ್ಲ. ನನಗೆ ಕೇಳಿಸ್ತಿತ್ತು. ನೀವು ಇಲ್ಲ ಅಂದ್ರಿ ಅಂತ ನನ್ನ ಕಿವಿಯನ್ನೇ ಸುಳ್ಳು ಮಾಡ್ಕೊಂಡೆ. ನಿಮ್ಮ ಮೇಲಿನ ಪ್ರೀತಿಗೆ." ಆ ಮಾತನ್ನು ಅವಳು ಮೊದಲ ಸಲ ಆಡಿದ್ದಳು. ಆಡಿದ ಜಾಗದಲ್ಲಿ ಔಷಧಿಯ ವಾಸನೆಯಿತ್ತು. "ಕೋಪ ಹೋಗಿಲ್ಲ. ಬೇಗ ಹೋಗೋದೂ ಇಲ್ಲ. ಆದ್ರೆ ಕೋಪ ಮಾಡ್ಕೊಳ್ಳೋಕೂ ನನಗೆ ನೀವೇ ಬೇಕು."

"ನನಗೂ ನಿಮ್ಮನ್ನ ಬಿಟ್ರೆ ಇನ್ಯಾರೂ ಬೇಡ," ಎಂದ. "ಅದಕ್ಕೇ ಒಂದು ಕೇಳ್ಕೋತೀನಿ. ದಿನಾ ಆ ನಳಿಗೆ ನೋಡ್ತಾ, ಪಕ್ಕದಲ್ಲಿ ನನ್ನನ್ನೂ ನೋಡ್ತಾ ಬದುಕೋಕಾಗಲ್ಲ ಯಾರಿಂದಲೂ. ನನ್ನನ್ನ ಇಲ್ಲೇ ಬಿಟ್ಟು ಎದ್ದು ಹೋಗಿ. ಕೈ ಮುಗೀತೀನಿ."

ನಿಜವಾಗಿಯೂ ಕೈ ಮುಗಿದಿದ್ದ. ಅವಳು ಪಕ್ಕಕ್ಕೆ ಸರಿದು, ಜೋಡಿಸಿದ ಆ ಕೈಗಳನ್ನು ಬಿಡಿಸಿ, ಒಂದನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು.

"ಆಗಲ್ಲ," ಎಂದಳು.