ಎಡಗಿವಿಗೆ ಹೋದ ಮಾತು

ಅವನ ಎಡಗಿವಿಯನ್ನು ಅಚ್ಚಿನ ಯಂತ್ರದ ಸದ್ದು ತಿಂದು ವರ್ಷಗಳಾಗಿದ್ದವು. ಬಲಗಿವಿಯೂ ಹೊರಡುವ ತಯಾರಿಯಲ್ಲಿತ್ತು. ಅದನ್ನು ಯಾರಿಗಾದರೂ ಹೇಳಿಕೊಳ್ಳುವ ಜಾಯಮಾನ ಅವನದಲ್ಲ. ಕೇಳಿಸದಿದ್ದರೆ ತಲೆಯಾಡಿಸುವುದು, ಎದುರಿನವರು ನಕ್ಕರೆ ತಾನೂ ನಗುವುದು. ಮುದುಕನ ಬಾಳು ಹಾಗೇ ಸಾಗಿತ್ತು.

ಮಂಡಿನೋವಿಗೆ ಫಿಸಿಯೊಥೆರಪಿ ಮಾಡಿಸಿಕೊಳ್ಳಲು ಹೋದಲ್ಲಿ, ಕಾಯುವ ಬೆಂಚಿನ ಮೇಲೆ ಟೀಚರ್ ಸಿಕ್ಕಿದ್ದು. ಲೆಕ್ಕದ ಪಾಠ ಹೇಳಿ ನಿವೃತ್ತಳಾದ ವಿಧವೆ. ಅವನ ಎಡಕ್ಕೆ ಕೂತು ಏನೋ ಕೇಳಿದಳು. ಇವನು ಗೋಡೆ ನೋಡುತ್ತಿದ್ದ. ಮತ್ತೆ ಕೇಳಿದಳು. ಮತ್ತೆ ಗೋಡೆ. ಎದ್ದು ಬಲಕ್ಕೆ ಬಂದು ಕೂತಳು.

“ಏನ್ ಯಜಮಾನ್ರೇ, ಕಿವಿ ಕೇಳಲ್ವೋ, ಇಲ್ಲಾ ಕೊಬ್ಬೋ?”

“ಅರ್ಧ ಕೇಳಲ್ಲ. ಉಳಿದರ್ಧ ಕೊಬ್ಬು.”

ಅವಳು ನಕ್ಕಳು. ಮುಂದಿನ ಹಲ್ಲುಗಳ ನಡುವೆ ಒಂದು ಸಂದಿ. ನಗು ಮೊದಲು ಅಲ್ಲಿಂದಲೇ ಇಣುಕುತ್ತಿತ್ತು.

ಮುಂದಿನ ವಾರದಿಂದ ಹಾಡು ಕೇಳಲು ಇಬ್ಬರಿಗೂ ಒಂದೇ ಇಯರ್‌ಫೋನ್. ಬಲದ ತುದಿ ಅವನ ಬಲಗಿವಿಗೆ, ಎಡದ ತುದಿ ಅವಳ ಎಡಗಿವಿಗೆ. ವೈರು ಗಿಡ್ಡ, ತಲೆಗಳು ಹತ್ತಿರ ಬರಲೇಬೇಕು. ಅವಳ ಬಿಳಿಕೂದಲ ಎಳೆಯೊಂದು ಅವನ ಕನ್ನಡಕದ ಕಡ್ಡಿಗೆ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿಕೊಳ್ಳಲು ಇಬ್ಬರಿಗೂ ಅವಸರವಿರಲಿಲ್ಲ.

“ಏನಿದು, ಒಂದೇ ವೈರಲ್ಲಿ ಇಬ್ಬರಿಗೂ ಕರೆಂಟು?” ಎಂದು ಫಿಸಿಯೊ ಹುಡುಗಿ ಚುಡಾಯಿಸುತ್ತಿದ್ದಳು.

ತೊಂದರೆ ಇದ್ದದ್ದು ಟೀಚರ್ ಫೋನಿನಲ್ಲಿ. ಹೊಸದೇನೇ ಬರಲಿ, ಊರಿಗಿಂತ ಮೊದಲು ತನಗೆ ಬರಬೇಕೆಂಬ ಚಪಲ ಆಕೆಗೆ. ಹಾಡಿನ ಆ್ಯಪ್‌ನ ಬೀಟಾ ಹಾಕಿಕೊಂಡಿದ್ದಳು. ಬೀಟಾ ಎಂದರೆ ಕಂಪನಿಯವರು ಪೂರ್ತಿ ಬೇಯಿಸದೆ, ಉಪ್ಪು ನೋಡಿ ಹೇಳಿ ಎಂದು ಜನರ ಬಾಯಿಗೆ ಇಡುವ ಸಾಫ್ಟ್‌ವೇರ್. ಅಪ್‌ಡೇಟಿಗೊಂದು ಅವಾಂತರ. ಒಮ್ಮೆ ಎಲ್ಲ ಹಾಡೂ ಎರಡೆರಡು. ಒಮ್ಮೆ ಪ್ಲೇಲಿಸ್ಟೇ ಮಾಯ. ಇನ್ನೊಮ್ಮೆ ಹಾಡಿನ ಹೆಸರೆಲ್ಲ ಇವೆ, ಒತ್ತಿದರೆ ಸದ್ದಿಲ್ಲ.

“ಆ ದರಿದ್ರ ತೆಗೆದು ಹಳೇದು ಹಾಕ್ಕೊಳ್ಳಿ ಟೀಚರ್.”

“ತಪ್ಪಿಗೆ ಕೆಂಪು ಗೆರೆ ಎಳೆಯೋದೇ ನನ್ನ ಕಸುಬು. ಅವರಿಗೆ ರಿಪೋರ್ಟ್ ಕಳಿಸ್ತಾನೇ ಇದ್ದೀನಿ.”

“ಏನಂತಾರೆ?”

“ಧನ್ಯವಾದ ಅಂತಾರೆ. ಅಷ್ಟೇ.”

ಅವನ ಫೋನಿನಲ್ಲಿ ಹಳೆಯ ಆ್ಯಪ್ಪೇ ಇತ್ತು. ಕ್ಯಾಸೆಟ್‌ಗಳಿಂದ ಒಂದೊಂದಾಗಿ ಇಳಿಸಿಕೊಂಡ ಹಾಡುಗಳು ಅದರಲ್ಲಿ. ಹೆಂಡತಿ ಹೋದ ಮೇಲೆ ಅವನ ಮನೆಯಲ್ಲಿ ಬಾಯಿಬಿಡುತ್ತಿದ್ದದ್ದು ಅವು ಮಾತ್ರ. ಅವನ್ನು ಯಾವ ಬೀಟಾದ ಕೈಗೂ ಕೊಡಲು ಅವನು ತಯಾರಿರಲಿಲ್ಲ.

ಒಂದು ಮೋಡದ ಬೆಳಿಗ್ಗೆ ಟೀಚರ್ ನಗದೆ ಬಂದು ಕೂತಳು.

“ಹೊಸ ಅಪ್‌ಡೇಟಲ್ಲಿ ರೆಕಾರ್ಡಿಂಗೂ ಬಂದಿದೆ. ಇದು ನಾನೇ ಮಾಡಿದ್ದು. ನಿಮ್ಮ ಫೋನಿಗೂ ಕಳಿಸಿದ್ದೀನಿ. ಪೂರ್ತಿ ಕೇಳಿ, ಆಮೇಲೆ ಹೇಳಿ.”

ಎಂದಿನ ಹಾಗೆ ಹಂಚಿಕೊಂಡ ಇಯರ್‌ಫೋನಿನಲ್ಲಿ ಅವನ ಕಿವಿಗೆ ಕೀಬೋರ್ಡಿನ ಸ್ವರ ಬಂತು, ಅಲ್ಲಲ್ಲಿ ಎಡವುತ್ತ. ಅವಳ ಬೆರಳ ಗೆಣ್ಣುಗಳು ಊದಿರುವುದು ಅವನಿಗೆ ಗೊತ್ತು. ಕೊನೆಗೆ ಸ್ವರ ನಿಂತು ಬರೀ ಮೌನ. ಅವಳು ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು.

“ಈ ವಯಸ್ಸಲ್ಲಿ ಇದೆಲ್ಲ ಯಾಕೆ ಟೀಚರ್?” ಎಂದ, ಕನಿಕರದಿಂದಲೇ. “ಸುಮ್ನೆ ಹಾಯಾಗಿರಿ.”

ಅವಳು ವೈರನ್ನು ಬೆರಳಿಗೆ ಸುತ್ತಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. “ಸರಿ” ಎಂದಳು. ಆಮೇಲೆ ಬೆಂಚಿಗೆ ಬರಲಿಲ್ಲ. ಫೋನೂ ಎತ್ತಲಿಲ್ಲ.

“ಟೀಚರ್ ಮಗಳ ಊರಿಗೆ ಹೊರಟರು, ಮೊಮ್ಮಗು ನೋಡ್ಕೊಳ್ಳೋಕೆ,” ಎಂದಳು ಫಿಸಿಯೊ ಹುಡುಗಿ ಒಂದು ದಿನ, ಅವನ ಮಂಡಿ ಮಡಿಸುತ್ತ. “ಇವತ್ತೇ ಸಾಮಾನು ಸಾಗಿಸ್ತಾರಂತೆ. ಅವರ ಹಾಡಿಗೆ ನೀವೇನಂದ್ರಿ ತಾತ?”

“ನಾನೇನಂದೆ?”

“ನನಗೇನ್ ಗೊತ್ತು? ‘ಹಾಯಾಗಿರು ಅಂದ್ರು ಕಣೆ’ ಅಂತ ಹೇಳಿ ಕಣ್ಣೊರೆಸ್ಕೊಂಡ್ರು.”

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು, ಅವಳು ಕಳಿಸಿದ್ದನ್ನು ಒತ್ತಿದ. ಇದಕ್ಕೆ ಬೀಟಾ ಆವೃತ್ತಿ ಬೇಕು, ಹಾಕಿಕೊಂಡರೆ ಹಳೆಯ ಹಾಡುಗಳು ಅಳಿಸಿಹೋಗಬಹುದು ಎಂದಿತು ಫೋನು. ಕಂಪನಿಯವರ ‘ಬಹುದು’ ಎಂದರೆ ಏನೆಂದು ಅವಳ ಫೋನು ನೋಡಿದವನಿಗೆ ಹೇಳಬೇಕೆ? ಹೆಬ್ಬೆರಳು ಬಹಳ ಹೊತ್ತು ಗಾಳಿಯಲ್ಲೇ ನಿಂತಿತು. ಒತ್ತಿದ. ನೀಲಿ ಗೆರೆ ತೆವಳಿ ತೆವಳಿ ಮುಗಿದಾಗ, ಗುಡಿಸಿಟ್ಟ ಮನೆಯ ಹಾಗೆ ಎಲ್ಲ ಖಾಲಿ. ಉಳಿದದ್ದು ಅವಳದ್ದೊಂದೇ.

ಇಯರ್‌ಫೋನ್ ಇರಲಿಲ್ಲ, ಫೋನಿನ ಸ್ಪೀಕರನ್ನೇ ಬಲಗಿವಿಗೆ ಒತ್ತಿಕೊಂಡ. ಅದೇ ಎಡವುವ ಕೀಬೋರ್ಡು. ಅದರ ಜೊತೆಗೆ, ಅಯ್ಯೋ, ಅವಳ ದನಿ! ಹಾಡುತ್ತಿದ್ದಳು. ಬೀಟಾ ಮಹಾಶಯ ಕೀಬೋರ್ಡನ್ನೆಲ್ಲ ಬಲದ ತುದಿಗೆ, ದನಿಯನ್ನೆಲ್ಲ ಎಡದ ತುದಿಗೆ ಪಾಲು ಹಂಚಿತ್ತು. ಎಡದ ತುದಿ ಅಂದು ಇದ್ದದ್ದು ಅವಳ ಕಿವಿಯಲ್ಲಿ. ಈಗ ಒಂದೇ ಸ್ಪೀಕರಿನಲ್ಲಿ ಎರಡೂ ಕೂಡಿ ಬಂದಿದ್ದವು. ಹಾಡು ಮುಗಿದು ಮಾತು ಬಂತು.

“ಮಗಳು ಕರೀತಿದ್ದಾಳೆ. ನನಗೆ ಹೋಗೋ ಮನಸ್ಸಿಲ್ಲ ಯಜಮಾನ್ರೇ. ನಿಮ್ಮ ಜೊತೆ ಇದ್ದುಬಿಡ್ಲಾ?”

ನೋಯುವ ಮಂಡಿಯಲ್ಲೇ ಓಡಿದ. ಅದನ್ನು ಓಟ ಎಂದರೆ ಆಮೆಯೂ ನಕ್ಕೀತು. ಅವನ ಪಾಲಿಗೆ ಓಟವೇ. ಅವಳ ಮನೆ ಮುಂದೆ ಸಾಮಾನಿನ ವ್ಯಾನು ಇಂಜಿನ್ ಗುರುಗುಟ್ಟಿಸುತ್ತ ನಿಂತಿತ್ತು. ಅವಳು ಮುಂದಿನ ಸೀಟಿನಲ್ಲಿ.

“ಟೀಚರ್! ಅವತ್ತು ನನಗೆ ಕೇಳಿಸಿದ್ದು ಬರೀ ಕೀಬೋರ್ಡು. ನಿಮ್ಮ ದನಿ ಬರ್ಲೇ ಇಲ್ಲ. ಈಗ ಕೇಳ್ದೆ. ಇದ್ದುಬಿಡಿ.”

ಅವಳು ಅರ್ಥವಾಗದೆ ನೋಡಿದಳು. ಅರ್ಥವಾದಾಗ ಮುಖ ಇಳಿಯಿತು.

“ನನಗೆ ಬರೀ ನನ್ನ ದನಿ ಬಂತು. ಕೀಬೋರ್ಡು ಎಲ್ಲಿ ಹೋಯ್ತು ಅಂದ್ಕೊಂಡೆ. ನಿಮ್ಮ ಮುಖ ನೋಡ್ತಾ ಅದೂ ಮರೆತುಹೋಯ್ತು.”

“ಇಳೀರಿ ಮತ್ತೆ.”

“ಹೇಗೆ ಇಳೀಲಿ? ಮನೆ ಕೀ ಕೊಟ್ಟಾಯ್ತು. ನನ್ನ ನಂಬ್ಕೊಂಡು ಮಗಳು ಕೆಲಸಕ್ಕೆ ಸೇರಿದ್ದಾಳೆ. ಆ ಕೂಸನ್ನ ಯಾರ ಕೈಗೆ ಹಾಕ್ಲಿ?”

ಅವಳು ಇನ್ನೇನೋ ಹೇಳಿದಳು. ಇಂಜಿನ್ ಸದ್ದಿನಲ್ಲಿ ತುಟಿ ಅಲುಗಿದ್ದಷ್ಟೇ ಕಂಡಿತು. ರೂಢಿಯಂತೆ ಅವನ ತಲೆ ಆಡಲು ಹೊರಟಿತು. ತಡೆದುಕೊಂಡ.

“ಕೇಳಿಸ್ಲಿಲ್ಲ ಟೀಚರ್. ಈ ಕಿವಿನೂ ಹೋಗ್ತಾ ಇದೆ. ಇನ್ನೊಂದ್ಸಲ ಹೇಳಿ.”

ಅವಳು ಡ್ರೈವರನ ಕಡೆ ತಿರುಗಿದಳು. “ಸ್ವಲ್ಪ ಆಫ್ ಮಾಡಪ್ಪ.”

ಬೀದಿ ತಣ್ಣಗಾಯಿತು. ಕಿಟಕಿಯಿಂದ ಬಾಗಿ, ಅವನ ಬಲಗಿವಿಯನ್ನು ಅಂಗೈಯಲ್ಲಿ ಹಿಡಿದು, ತರಗತಿಯ ದಡ್ಡನಿಗೆ ಹೇಳುವಂತೆ ಬಿಡಿಬಿಡಿಯಾಗಿ ಹೇಳಿದಳು.

“ವಾಪಸ್ ಬರ್ತೀನೋ ಇಲ್ವೋ ಗೊತ್ತಿಲ್ಲ. ಆದ್ರೆ ನಿಮ್ಮನ್ನ ಕೇಳಿದ್ದನ್ನ ವಾಪಸ್ ತಗೊಳ್ಳಲ್ಲ.”

“ಕೇಳಿಸ್ತು,” ಎಂದ.

ವ್ಯಾನು ತಿರುವು ದಾಟಿ ಮರೆಯಾಯಿತು. ಬೇರೆ ಯಾವ ಸದ್ದೂ ಒಳಗೆ ಹೋಗದ ಹಾಗೆ, ಅವನು ಆ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಅಲ್ಲೇ ನಿಂತ.